ನೆಲದ ಮೇಲಿನ ಒಂದು ಕಿಲೋಮೀಟರ್ ಗಾಳಿ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಓಟ ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಸಭಿಕರ ಪ್ರಶ್ನೆಗಳಲ್ಲಿ ಎರಡು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ.

ಬಿಸಿಲಿಗೆ ನೆಲ ಕಾಯುತ್ತದೆ. ಕಾದ ನೆಲ ತನಗೆ ತಾಗಿಕೊಂಡ ಗಾಳಿಯನ್ನು ಬಿಸಿ ಮಾಡುತ್ತದೆ. ಆ ಬಿಸಿ ಮೇಲಕ್ಕೆ ಹೋಗುವುದು ಹೇಗೆ? ಗಾಳಿ ಒಂದಿಷ್ಟೂ ಅಲುಗಾಡದೆ ನಿಂತಿದೆ ಅಂತ ಇಟ್ಟುಕೊಳ್ಳಿ. ಆಗ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಾ ಬಿಸಿಯನ್ನು ದಾಟಿಸಬೇಕು. ಹಾಗೆ ಒಂದು ಮೀಟರ್ ಏರಲು ಸುಮಾರು 14 ಗಂಟೆ ಹಿಡಿಯುತ್ತದೆ. ದೂರ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟಾಗುತ್ತದೆ. ಅದೇ ಲೆಕ್ಕ ಮುಂದುವರಿಸಿದರೆ ಒಂದು ಕಿಲೋಮೀಟರ್ ಏರಲು 1,500 ವರ್ಷಕ್ಕಿಂತ ಜಾಸ್ತಿ ಬೇಕು.

ನಿಜಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆ ಗೊತ್ತಾ? ಬಿಸಿಲು ಚುರುಕಾಗಿರುವ ಮಧ್ಯಾಹ್ನ ಹದಿನೈದು ಇಪ್ಪತ್ತು ನಿಮಿಷ ಸಾಕು. 1,500 ವರ್ಷ ಎಲ್ಲಿ, ಇಪ್ಪತ್ತು ನಿಮಿಷ ಎಲ್ಲಿ! ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಕಾರಣ ಟರ್ಬುಲೆನ್ಸ್. ಅಂದರೆ ಗಾಳಿಯೊಳಗೆ ಏಳುವ, ಮುರಿಯುವ, ಒಂದರೊಳಗೊಂದು ಹೆಣೆದುಕೊಂಡ ಸುಳಿಗಳು.

ಈ ಮಾತು ನಮ್ಮ ಕಿವಿಗೆ ಬೀಳುವುದು ಹೆಚ್ಚಾಗಿ ವಿಮಾನದಲ್ಲಿ. ಸೀಟ್ ಬೆಲ್ಟ್ ಹಾಕಿಕೊಳ್ಳಿ ಎನ್ನುತ್ತಾರೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಹಾಗಾಗಿ ಟರ್ಬುಲೆನ್ಸ್ ಅಂದರೆ ಏನೋ ತೊಂದರೆ ಅನ್ನುವ ಭಾವನೆ ಬಂದುಬಿಟ್ಟಿದೆ. ನಾನು ಇವತ್ತು ಹೇಳಬೇಕೆಂದಿರುವುದು ಬೇರೆ. ನೆಲಕ್ಕೂ ಆಕಾಶಕ್ಕೂ ನಡುವಿನ ಸಾಗಾಟವೆಲ್ಲ ಈ ಸುಳಿಗಳ ಕೆಲಸ. ಶಾಖ, ನೀರಾವಿ, ಹೊಗೆ, ಧೂಳು, ಹೂವಿನ ಪರಾಗ, ಅಷ್ಟೇ ಏಕೆ, ಗಾಳಿಯ ವೇಗ ಕೂಡ ಇವುಗಳ ಬೆನ್ನೇರಿಯೇ ಓಡಾಡುತ್ತದೆ. ಸುಳಿಗಳು ಕೆಲಸ ಮಾಡುತ್ತಿರುವಷ್ಟು ಕಾಲ ನಮಗೆ ಅವುಗಳ ನೆನಪೇ ಇರುವುದಿಲ್ಲ. ಅವು ನಿಂತುಹೋದ ದಿನಗಳಲ್ಲಿ ಸಾವಿರಾರು ಜನ ಸತ್ತಿದ್ದಾರೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೆಲದ ಪ್ರಭಾವ ಒಂದು ಗಂಟೆಯ ಆಸುಪಾಸಿನಲ್ಲಿ ನೇರವಾಗಿ ಮುಟ್ಟುವ ಗಾಳಿಯ ಪದರಕ್ಕೆ ಗಡಿ ಪದರ ಎನ್ನುತ್ತಾರೆ. ಬೌಂಡರಿ ಲೇಯರ್. ಬಿಸಿಲಿನ ದಿನ ಅದರ ಎತ್ತರ ಸಾಮಾನ್ಯವಾಗಿ 1ರಿಂದ 2 ಕಿಲೋಮೀಟರ್. ಸಹಾರಾ ಮರುಭೂಮಿಯಲ್ಲಿ ಬೇಸಿಗೆಯಲ್ಲಿ 5-6 ಕಿಲೋಮೀಟರ್ ಮುಟ್ಟುವುದೂ ಉಂಟು. ನೆಲದ ಮೇಲೆ ರಾತ್ರಿಯಾದರೆ ಇದೇ ಪದರ 100-200 ಮೀಟರಿಗೆ ಕುಸಿಯುತ್ತದೆ. ಕೆಲವು ರಾತ್ರಿ ಅಷ್ಟೂ ಇರುವುದಿಲ್ಲ. ಸಮುದ್ರದ ಮೇಲೆ ಈ ಏರಿಳಿತ ಕಾಣುವುದಿಲ್ಲ, ಏಕೆಂದರೆ ನೀರಿನ ಮೇಲ್ಮೈ ಹಗಲು ರಾತ್ರಿ ಹೆಚ್ಚುಕಡಿಮೆ ಒಂದೇ ತಾಪಮಾನದಲ್ಲಿರುತ್ತದೆ.

ಸುಳಿ ಹುಟ್ಟುವುದು ಹೇಗೆ

(ಇಲ್ಲಿ ವೇದಿಕೆಯ ಮೇಲೆ ಒಂದು ಊದುಬತ್ತಿ ಹಚ್ಚಿ ತೋರಿಸಿದೆ.) ಫ್ಯಾನ್ ಆರಿಸಿದೆ, ಕಿಟಕಿ ಮುಚ್ಚಿದೆ. ಹೊಗೆ ನೋಡಿ. ಮೊದಲ ಒಂದು ಗೇಣು ದಾರ ಎಳೆದ ಹಾಗೆ ನೇರವಾಗಿ ಏರುತ್ತದೆ. ಆಮೇಲೆ ಸ್ವಲ್ಪ ಓಲಾಡುತ್ತದೆ. ಅದರ ಮೇಲೆ ಚದುರಿ ಸುರುಳಿ ಸುರುಳಿಯಾಗುತ್ತದೆ. ಹೊಗೆ ಅದೇ, ಗಾಳಿ ಅದೇ. ಮೇಲೇರುತ್ತಾ ವೇಗ ಹೆಚ್ಚಿತು, ಹೊಗೆಯ ಎಳೆ ದಪ್ಪವಾಯಿತು, ಅಷ್ಟೇ.

1883ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದನ್ನೇ ಗಾಜಿನ ಕೊಳವೆಯಲ್ಲಿ ಹರಿಯುವ ನೀರಿಗೆ ಬಣ್ಣದ ಎಳೆ ಬಿಟ್ಟು ನೋಡಿದರು. ವೇಗವನ್ನು ಅಗಲದಿಂದ ಗುಣಿಸಿ, ದ್ರವದ ಸ್ನಿಗ್ಧತೆಯಿಂದ, ಅಂದರೆ ಅಂಟುತನದಿಂದ, ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ. ಕೊಳವೆಯಲ್ಲಿ ಆ ಸಂಖ್ಯೆ ಸುಮಾರು 2,000 ದಾಟಿದ ಮೇಲೆ ಹರಿವು ಕದಡುವ ಸಾಧ್ಯತೆ ಶುರುವಾಗುತ್ತದೆ. ಈಗ ನಮ್ಮ ಗಡಿ ಪದರಕ್ಕೆ ಅದೇ ಲೆಕ್ಕ ಹಾಕಿ. ಸೆಕೆಂಡಿಗೆ 5 ಮೀಟರ್ ಗಾಳಿ, ಒಂದು ಕಿಲೋಮೀಟರ್ ದಪ್ಪದ ಪದರ. ಉತ್ತರ 33 ಕೋಟಿ. ಅಂದರೆ ನಮ್ಮ ಸುತ್ತಲಿನ ಗಾಳಿ ಸುಳಿಯದೆ ಇರುವುದೇ ಅಪರೂಪ. ಅದನ್ನು ತಡೆಯುವುದಕ್ಕೆ ಬೇರೆಯದೇ ಒಂದು ಶಕ್ತಿ ಬೇಕು. ಆ ಶಕ್ತಿ ಇದೆ, ಅದು ರಾತ್ರಿ ಕೆಲಸಕ್ಕೆ ಬರುತ್ತದೆ.

ಸುಳಿಗೆ ಎರಡು ಮೂಲ. ಮೊದಲನೆಯದು ತಿಕ್ಕಾಟ. ನೆಲದಲ್ಲಿ ಗಾಳಿಯ ವೇಗ ಸೊನ್ನೆ, ಮೇಲೆ ಹೋದ ಹಾಗೆ ಹೆಚ್ಚುತ್ತದೆ. ಹುಲ್ಲುಗಾವಲಿನ ಮೇಲೆ 10 ಮೀಟರ್ ಎತ್ತರದಲ್ಲಿ ಗಾಳಿ ಸೆಕೆಂಡಿಗೆ 5 ಮೀಟರ್ ಇದ್ದರೆ, 2 ಮೀಟರಿನಲ್ಲಿ ಸುಮಾರು 3.6, 100 ಮೀಟರಿನಲ್ಲಿ ಸುಮಾರು 7. ಮೇಲಿನ ಗಾಳಿ ಕೆಳಗಿನದರ ಮೇಲೆ ಜಾರುವಾಗ ಹರಿವು ಮಗುಚಿಕೊಳ್ಳುತ್ತದೆ. ಎರಡನೆಯದು ಬಿಸಿ. ಕಾದ ಗಾಳಿ ಹಗುರವಾಗಿ ಮೇಲೇಳುತ್ತದೆ, ತಂಪು ಗಾಳಿ ಅದರ ಜಾಗಕ್ಕೆ ಇಳಿಯುತ್ತದೆ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಏರುತ್ತವಲ್ಲ, ಅವು ಏರುವುದು ಇಂಥ ಬಿಸಿಗಾಳಿಯ ಕಂಬಗಳಲ್ಲಿ. ಗ್ಲೈಡರ್ ಹಾರಿಸುವವರು ಇದಕ್ಕೆ ಥರ್ಮಲ್ ಎನ್ನುತ್ತಾರೆ. ಬಿಸಿಲು ಬಲಿಯುವವರೆಗೂ ಅವರೂ ಕಾಯುತ್ತಾರೆ, ಹದ್ದುಗಳೂ ಕಾಯುತ್ತವೆ.

ರಾತ್ರಿ ಎರಡನೆಯ ಮೂಲ ತಿರುಗಿ ಬೀಳುತ್ತದೆ. ನೆಲ ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿ ತಂಪಾಗಿ ಭಾರವಾಗುತ್ತದೆ. ಭಾರದ ಗಾಳಿ ಕೆಳಗೆ, ಹಗುರದ್ದು ಮೇಲೆ. ಈಗ ಒಂದು ಸುಳಿ ಏಳಬೇಕಾದರೆ ಭಾರದ ಗಾಳಿಯನ್ನು ಎತ್ತಬೇಕು. ಅದಕ್ಕೆ ಶಕ್ತಿ ಖರ್ಚಾಗುತ್ತದೆ, ಸುಳಿ ಸೊರಗುತ್ತದೆ. ತಿಕ್ಕಾಟ ಕೊಡುವ ಶಕ್ತಿ ಜಾಸ್ತಿಯೋ, ಭಾರ ಕಿತ್ತುಕೊಳ್ಳುವ ಶಕ್ತಿ ಜಾಸ್ತಿಯೋ ಎಂದು ತೂಗುವ ಅಳತೆಯನ್ನು ಲೂಯಿಸ್ ಫ್ರೈ ರಿಚರ್ಡ್‌ಸನ್ 1920ರಲ್ಲಿ ಕೊಟ್ಟರು. ರಿಚರ್ಡ್‌ಸನ್ ಸಂಖ್ಯೆ ಎಂದೇ ಅದಕ್ಕೆ ಹೆಸರು. ಅದು ಕಾಲು ಭಾಗಕ್ಕಿಂತ, ಅಂದರೆ 0.25ಕ್ಕಿಂತ ಜಾಸ್ತಿಯಾದರೆ ಶಾಂತ ಹರಿವಿನಲ್ಲಿ ಹೊಸ ಸುಳಿ ಹುಟ್ಟುವುದಿಲ್ಲ.

ರಿಚರ್ಡ್‌ಸನ್ ಬಗ್ಗೆ ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಇಬ್ಬರು ಪಕ್ಕಪಕ್ಕ ನಿಂತು ಎರಡು ಬಲೂನು ಬಿಟ್ಟರೆ ಅವು ಎಷ್ಟು ಬೇಗ ಒಂದಕ್ಕೊಂದು ದೂರವಾಗುತ್ತವೆ? 1926ರಲ್ಲಿ ಅವರು ಕೊಟ್ಟ ಉತ್ತರ ವಿಚಿತ್ರವಾಗಿತ್ತು. ದೂರವಾದಷ್ಟೂ ಇನ್ನೂ ಬೇಗ ದೂರವಾಗುತ್ತವೆ. ಹತ್ತಿರವಿದ್ದಾಗ ಸಣ್ಣ ಸುಳಿಗಳು ಮಾತ್ರ ಅವನ್ನು ಬೇರ್ಪಡಿಸುತ್ತವೆ. ದೊಡ್ಡ ಸುಳಿ ಎರಡನ್ನೂ ಒಟ್ಟಿಗೆ ಹೊತ್ತೊಯ್ಯುತ್ತದೆ. ಅಂತರ ಬೆಳೆದ ಹಾಗೆ ದೊಡ್ಡ ದೊಡ್ಡ ಸುಳಿಗಳೂ ಎಳೆದಾಟಕ್ಕೆ ಸೇರಿಕೊಳ್ಳುತ್ತವೆ. ಇದು ನೀರಿಗೂ ಹೊಂದುತ್ತದೆಯೇ ಎಂದು ನೋಡಲು 1948ರಲ್ಲಿ ಅವರು ಹೆನ್ರಿ ಸ್ಟಾಮಲ್ ಜೊತೆ ಸ್ಕಾಟ್ಲೆಂಡಿನ ಲಾಕ್ ಲಾಂಗ್ ಎಂಬಲ್ಲಿ ಸಮುದ್ರದ ನೀರಿಗೆ ಪಾರ್ಸ್‌ನಿಪ್ ಗಡ್ಡೆಯ ತುಂಡುಗಳನ್ನು ಎಸೆದರು. ಬಿಳಿ ಬಣ್ಣ, ದೂರದಿಂದ ಕಾಣುತ್ತದೆ. ಮುಕ್ಕಾಲುಪಾಲು ಮುಳುಗಿಯೇ ತೇಲುವುದರಿಂದ ಮೇಲಿನ ಗಾಳಿ ಅದನ್ನು ತಳ್ಳುವುದಿಲ್ಲ. ಎಷ್ಟು ಚೆನ್ನಾಗಿ ಆರಿಸಿಕೊಂಡಿದ್ದಾರೆ ನೋಡಿ! ಎಂಥ ಉಪಕರಣ ಬೇಕು ಎನ್ನುವುದಕ್ಕಿಂತ ಎಂಥ ಪ್ರಶ್ನೆ ಕೇಳಬೇಕು ಎನ್ನುವುದು ಅವರಿಗೆ ಗೊತ್ತಿತ್ತು.

ಒಂದು ಕಿಲೋಮೀಟರ್ ಅಗಲದ ಸುಳಿ ಒಡೆದು ಚಿಕ್ಕ ಸುಳಿಗಳಾಗುತ್ತದೆ, ಅವು ಒಡೆದು ಇನ್ನೂ ಚಿಕ್ಕವಾಗುತ್ತವೆ. ಹೀಗೆ ಇಳಿದು ಇಳಿದು ಸುಮಾರು ಒಂದು ಮಿಲಿಮೀಟರಿಗೆ ಬಂದಾಗ ಗಾಳಿಯ ಅಂಟುತನ ಗೆದ್ದುಬಿಡುತ್ತದೆ. ಸುಳಿಯ ಶಕ್ತಿ ಶಾಖವಾಗಿ ಕರಗುತ್ತದೆ. ಈ ಇಳಿತದಲ್ಲಿ ಯಾವ ಗಾತ್ರದ ಸುಳಿಯಲ್ಲಿ ಎಷ್ಟು ಶಕ್ತಿ ಇರುತ್ತದೆ ಎಂಬ ಸೂತ್ರಕ್ಕೆ ಅಡಿಪಾಯ ಹಾಕಿದ್ದು ರಷ್ಯಾದ ಗಣಿತಜ್ಞ ಕೊಲ್ಮೊಗೊರೊವ್, 1941ರಲ್ಲಿ. ಅದರ ಗಣಿತಕ್ಕೆ ಇವತ್ತು ಹೋಗುವುದಿಲ್ಲ.

ಸುಳಿಯನ್ನು ಅಳೆಯುವುದು

ಸುಳಿ ಶಾಖ ಹೊರುತ್ತದೆ ಅಂದೆ. ಅದನ್ನು ಅಳೆಯುವುದು ಹೇಗೆ?

ಇದಕ್ಕೆ ಬಳಸುವ ಉಪಕರಣ ಸೋನಿಕ್ ಅನಿಮೋಮೀಟರ್. ಎದುರುಬದುರು ಇರುವ ಎರಡು ಪುಟ್ಟ ಮೂತಿಗಳು, ನಡುವೆ 10-15 ಸೆಂಟಿಮೀಟರ್ ಜಾಗ. ಒಂದು ಮೂತಿ ಶಬ್ದ ಕಳಿಸುತ್ತದೆ, ಇನ್ನೊಂದು ಕೇಳಿಸಿಕೊಳ್ಳುತ್ತದೆ. ಆಮೇಲೆ ಅದಲು ಬದಲು. ಗಾಳಿ ಬೀಸುವ ದಿಕ್ಕಿನಲ್ಲಿ ಶಬ್ದ ಸ್ವಲ್ಪ ಬೇಗ ತಲುಪುತ್ತದೆ, ಎದುರು ದಿಕ್ಕಿನಲ್ಲಿ ಸ್ವಲ್ಪ ತಡ. ಎಷ್ಟು ಸ್ವಲ್ಪ? ಸೆಕೆಂಡಿಗೆ ಒಂದು ಮೀಟರ್ ಗಾಳಿ ಇದ್ದರೆ ವ್ಯತ್ಯಾಸ ಸೆಕೆಂಡಿನ ಹತ್ತು ಲಕ್ಷದ ಒಂದೆರಡು ಪಾಲು. ಅಷ್ಟನ್ನು ಹಿಡಿದು, ಮೂರು ಜೋಡಿ ಮೂತಿಗಳಿಂದ, ಸೆಕೆಂಡಿಗೆ 10-20 ಸಲ ಗಾಳಿಯ ವೇಗ ಮೂರೂ ದಿಕ್ಕಿನಲ್ಲಿ ಗೊತ್ತಾಗುತ್ತದೆ. ತಿರುಗುವ ಭಾಗ ಒಂದೂ ಇಲ್ಲ. ಶಬ್ದದ ವೇಗ ತಾಪಮಾನದ ಮೇಲೆ ನಿಂತಿರುವುದರಿಂದ ತಾಪಮಾನವೂ ಅದರಲ್ಲೇ ಸಿಗುತ್ತದೆ.

ಈ ಉಪಕರಣದ ದಾಖಲೆಯನ್ನು ಸಾಲು ಸಾಲಾಗಿ ನೋಡುವುದೇ ಒಂದು ಖುಷಿ. ಮಧ್ಯಾಹ್ನದ ಒಂದು ತುಣುಕು ತೆಗೆದುಕೊಳ್ಳಿ. ಗಾಳಿ ಮೇಲೆ ಹೋದ ಕ್ಷಣಗಳಲ್ಲಿ ತಾಪಮಾನ ಸರಾಸರಿಗಿಂತ ಜಾಸ್ತಿ. ಕೆಳಗಿಳಿದ ಕ್ಷಣಗಳಲ್ಲಿ ಕಡಿಮೆ. ಮೇಲ್ಮುಖ ವೇಗ ಪ್ಲಸ್, ಬಿಸಿ ಪ್ಲಸ್; ಗುಣಿಸಿದರೆ ಪ್ಲಸ್. ಕೆಳಮುಖ ವೇಗ ಮೈನಸ್, ತಂಪು ಮೈನಸ್. ಗುಣಿಸಿದರೆ ಅದೂ ಪ್ಲಸ್! ಬಿಸಿ ಗಾಳಿ ಏರಿದರೂ ಶಾಖ ಮೇಲಕ್ಕೆ ಹೋಗುತ್ತದೆ, ತಂಪು ಗಾಳಿ ಇಳಿದರೂ ಲೆಕ್ಕದಲ್ಲಿ ಶಾಖ ಮೇಲಕ್ಕೇ ಹೋಗುತ್ತದೆ. ಅರ್ಧ ಗಂಟೆಯ ಇಂಥ ಗುಣಲಬ್ಧಗಳ ಸರಾಸರಿ ತೆಗೆದರೆ ನೆಲದಿಂದ ಆಕಾಶಕ್ಕೆ ಹೋದ ಶಾಖದ ಪ್ರಮಾಣ ಸಿಕ್ಕಿತು. ತಾಪಮಾನದ ಬದಲು ನೀರಾವಿ ಅಳೆದರೆ ಬೆಳೆ ಎಷ್ಟು ನೀರು ಬಿಟ್ಟಿತು ಗೊತ್ತಾಗುತ್ತದೆ. ಇಂಗಾಲದ ಡೈ ಆಕ್ಸೈಡ್ ಅಳೆದರೆ ಕಾಡು ಎಷ್ಟು ಉಸಿರಾಡಿತು ಗೊತ್ತಾಗುತ್ತದೆ. ಇವತ್ತು ಜಗತ್ತಿನ ನೂರಾರು ಕಡೆ ಕಾಡು, ಹೊಲ, ಜೌಗಿನ ಮೇಲೆ ಗೋಪುರ ನಿಲ್ಲಿಸಿ ಇದೇ ಕೆಲಸ ಮಾಡುತ್ತಿದ್ದಾರೆ.

ಮರಗಳ ನಡುವೆ ಇಟ್ಟ ಉಪಕರಣದಲ್ಲಿ ಇನ್ನೊಂದು ಚೆಂದದ ಆಕಾರ ಕಾಣುತ್ತದೆ. ತಾಪಮಾನ ನಿಧಾನವಾಗಿ ಏರುತ್ತಾ ಹೋಗುತ್ತದೆ, ಒಂದು ನಿಮಿಷದ ಆಸುಪಾಸು. ಆಮೇಲೆ ಎರಡು ಮೂರು ಸೆಕೆಂಡಿನಲ್ಲಿ ಧೊಪ್ಪನೆ ಬೀಳುತ್ತದೆ. ಮತ್ತೆ ನಿಧಾನ ಏರಿಕೆ, ಮತ್ತೆ ಥಟ್ಟನೆ ಇಳಿತ. ಮೇಲಿನಿಂದ ಒಂದು ಸುಳಿ ನುಗ್ಗಿ, ಕೆಳಗೆ ಕಟ್ಟಿಕೊಂಡಿದ್ದ ಬಿಸಿ ಗಾಳಿಯನ್ನು ಒಮ್ಮೆಗೇ ಗುಡಿಸಿ ಹಾಕುವಾಗ ಹೀಗಾಗುತ್ತದೆ. ಸುಡು ಮಧ್ಯಾಹ್ನ ಮರದಡಿ ನಿಂತಾಗ ಸೆಕೆ ಏರುತ್ತಾ ಏರುತ್ತಾ, ಇದ್ದಕ್ಕಿದ್ದಂತೆ ಒಂದು ತಂಪು ಬೀಸು ಮೈಗೆ ತಾಗುತ್ತದಲ್ಲ? ಅದೇ ಇದು. ಮೇಲೂ ಕೆಳಗೂ ನಡೆಯುವ ಸಾಗಾಟದ ದೊಡ್ಡ ಪಾಲು ಇಂಥ ಕೆಲವೇ ಕ್ಷಣಗಳಲ್ಲಿ ಮುಗಿದುಹೋಗಿರುತ್ತದೆ.

ಗಾಳಿಯ ಈ ಪದರಕ್ಕೆ ಗಟ್ಟಿ ಸೂತ್ರಗಳು ಸಿಕ್ಕಿದ್ದು 1968ರ ಬೇಸಿಗೆಯಲ್ಲಿ, ಅಮೆರಿಕದ ಕನ್ಸಾಸ್ ರಾಜ್ಯದ ಕೊಯ್ಲಾದ ಗೋಧಿ ಹೊಲವೊಂದರಲ್ಲಿ. ಸುತ್ತ ದೂರದವರೆಗೆ ಸಪಾಟು ನೆಲ, ನಡುವೆ 32 ಮೀಟರ್ ಗೋಪುರ, ಅದರ ಮೇಲೆ ಸೋನಿಕ್ ಉಪಕರಣಗಳು. ಭಾರತ ಮೂಲದ ವಿಜ್ಞಾನಿ ಚಂದ್ರನ್ ಕೈಮಲ್ ಆ ತಂಡದ ಮುಖ್ಯರಲ್ಲಿ ಒಬ್ಬರು. ಸೋವಿಯತ್ ವಿಜ್ಞಾನಿಗಳಾದ ಮೋನಿನ್ ಮತ್ತು ಒಬುಖೋವ್ 1954ರಲ್ಲಿ ಕಾಗದದ ಮೇಲೆ ಬರೆದಿದ್ದ ಸಿದ್ಧಾಂತವನ್ನು ಆ ಹೊಲದ ಅಂಕಿಗಳು ಎತ್ತಿ ಹಿಡಿದವು. ಹವಾಮಾನ ಮುನ್ಸೂಚನೆಯ ಕಂಪ್ಯೂಟರ್ ಮಾದರಿಗಳಲ್ಲಿ ಇಂದಿಗೂ ಅದರ ಫಲ ಇದೆ.

ಚಿಮಣಿಯ ಹೊಗೆ ನೋಡಿ

ಉಪಕರಣ ಇಲ್ಲದೆಯೂ ಗಡಿ ಪದರವನ್ನು ಓದಬಹುದು. ಎತ್ತರದ ಒಂದು ಚಿಮಣಿ ಸಾಕು. ಬಿಸಿಲಿನ ಮಧ್ಯಾಹ್ನ ಹೊಗೆ ಹಾವಿನ ಹಾಗೆ ಮೇಲೆ ಕೆಳಗೆ ಹೊರಳುತ್ತಾ ಹೋಗುತ್ತದೆ, ಕೆಲವೊಮ್ಮೆ ಚಿಮಣಿಯ ಹತ್ತಿರವೇ ನೆಲಕ್ಕೆ ಬಡಿಯುತ್ತದೆ. ಮೋಡ ಕವಿದು ಗಾಳಿ ಬೀಸುವ ದಿನ ನೆಟ್ಟಗೆ ಸಾಗುತ್ತಾ ನಿಧಾನವಾಗಿ ಅಗಲವಾಗುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ತೆಳ್ಳಗಿನ ಪಟ್ಟಿಯಂತೆ ಒಂದೇ ಎತ್ತರದಲ್ಲಿ ಮೈಲುಗಟ್ಟಲೆ ಹೋಗುತ್ತದೆ. ಮೇಲಕ್ಕೂ ಹರಡುವುದಿಲ್ಲ, ಕೆಳಕ್ಕೂ ಇಳಿಯುವುದಿಲ್ಲ. ನೆಲದ ಮೇಲಿರುವವರಿಗೆ ಆಗ ಅದರ ವಾಸನೆಯೂ ಬರುವುದಿಲ್ಲ.

ತೊಂದರೆ ಬರುವುದು ಬೆಳಗ್ಗೆ. ಸೂರ್ಯ ಹುಟ್ಟಿ ನೆಲ ಕಾಯತೊಡಗುತ್ತದೆ. ಸುಳಿಗಳು ಏಳುತ್ತವೆ. ಮೊದಲು 50 ಮೀಟರ್, ಆಮೇಲೆ 100, 150. ಹೀಗೆ ಬೆಳೆಯುತ್ತಾ ರಾತ್ರಿಯಿಡೀ ಮೇಲೆ ತೂಗಿಕೊಂಡಿದ್ದ ಹೊಗೆಯ ಪಟ್ಟಿಯನ್ನು ಮುಟ್ಟುತ್ತವೆ. ಮುಟ್ಟಿದ ಕೂಡಲೇ ಅದನ್ನು ಎಳೆದು ನೆಲಕ್ಕೆ ತರುತ್ತವೆ. ಹೊಗೆ ಮೇಲೆ ಹೋಗುವ ಹಾಗಿಲ್ಲ, ಅಲ್ಲಿನ್ನೂ ರಾತ್ರಿಯ ಬೆಚ್ಚನೆ ಪದರ ಮುಚ್ಚಳ ಹಾಕಿ ಕೂತಿರುತ್ತದೆ. ಅರ್ಧ ಗಂಟೆಯೋ, ಒಂದು ಗಂಟೆಯೋ, ನೆಲದ ಮಟ್ಟದಲ್ಲಿ ಹೊಗೆ ದಟ್ಟವಾಗಿಬಿಡುತ್ತದೆ.

ಇದು ಕೆನಡಾದ ಟ್ರೇಲ್ ಎಂಬ ಊರಿನಲ್ಲಿ ಎರಡು ದೇಶಗಳ ಜಗಳವಾಯಿತು. ಅಲ್ಲಿ ಸೀಸ ಮತ್ತು ಸತು ಕರಗಿಸುವ ದೊಡ್ಡ ಕಾರ್ಖಾನೆ ಇತ್ತು. ಕೊಲಂಬಿಯಾ ನದಿಯ ಕಣಿವೆ ಅಲ್ಲಿಂದ ಅಮೆರಿಕದೊಳಕ್ಕೆ ಇಳಿಯುತ್ತದೆ. 1920ರ ದಶಕದಲ್ಲಿ ಸುಮಾರು 125 ಮೀಟರ್ ಎತ್ತರದ ಚಿಮಣಿಗಳನ್ನು ಕಟ್ಟಿದರು. ಗಂಧಕದ ಹೊಗೆ ಗಡಿ ದಾಟಿ ವಾಷಿಂಗ್ಟನ್ ರಾಜ್ಯದ ರೈತರ ಬೆಳೆ, ಮರಗಳನ್ನು ಸುಟ್ಟಿತು. ಎರಡೂ ಸರ್ಕಾರಗಳು ಸೇರಿ ನ್ಯಾಯಮಂಡಳಿ ಕೂರಿಸಿದವು. ಕಣಿವೆಯುದ್ದಕ್ಕೂ ಹೊಗೆ ಅಳೆಯುವ ಉಪಕರಣ ಇಟ್ಟಾಗ ಒಂದು ಅಚ್ಚರಿ ಕಂಡಿತು. ಗಾಳಿಯ ಜೊತೆ ಹೊಗೆ ಸಾಗಿ ಬರುವುದಾದರೆ ಹತ್ತಿರದ ಊರಿಗೆ ಮೊದಲು, ದೂರದ ಊರಿಗೆ ಆಮೇಲೆ ಬರಬೇಕು. ಆದರೆ ಎಷ್ಟೋ ಬೆಳಗ್ಗೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೊಗೆ ಇಳಿಯುತ್ತಿತ್ತು. ಏಕೆಂದರೆ ಅದು ರಾತ್ರಿಯೇ ಬಂದು ಕಣಿವೆಯ ಮೇಲೆ ಉದ್ದಕ್ಕೂ ಹಾಸಿಕೊಂಡಿತ್ತು. ಬೆಳಗಿನ ಬಿಸಿಲು ಕಣಿವೆಯನ್ನೆಲ್ಲ ಒಟ್ಟಿಗೆ ಕದಡಿತು.

1941ರ ಅಂತಿಮ ತೀರ್ಪು ನನಗೆ ಬಹಳ ಇಷ್ಟ. ಇಂತಿಷ್ಟೇ ಗಂಧಕ ಬಿಡಬೇಕು ಎಂದು ಒಂದೇ ಮಿತಿ ಹಾಕಿ ಕೈತೊಳೆದುಕೊಳ್ಳಲಿಲ್ಲ. ಗಾಳಿಯ ಟರ್ಬುಲೆನ್ಸ್ ಅಳೆಯಿರಿ ಎಂದರು. ಅದನ್ನು ಕೆಟ್ಟದ್ದು, ಪರವಾಗಿಲ್ಲ, ಒಳ್ಳೆಯದು, ತುಂಬಾ ಒಳ್ಳೆಯದು ಎಂದು ನಾಲ್ಕು ದರ್ಜೆ ಮಾಡಿದರು. ದರ್ಜೆ, ಗಾಳಿಯ ದಿಕ್ಕು, ಹೊತ್ತು, ಬೆಳೆಯ ಕಾಲ ನೋಡಿ ಎಷ್ಟು ಹೊಗೆ ಬಿಡಬಹುದು ಎಂದು ಕೋಷ್ಟಕ ಕೊಟ್ಟರು. ಸುಳಿ ಜಾಸ್ತಿ ಇದ್ದ ಹೊತ್ತು ಒಳ್ಳೆಯ ಹೊತ್ತು! ವಿಮಾನದಲ್ಲಿ ಕೂತು ನಾವು ಬೈದುಕೊಳ್ಳುವ ಅದೇ ಟರ್ಬುಲೆನ್ಸ್‌ಗೆ ಒಂದು ಅಂತರರಾಷ್ಟ್ರೀಯ ತೀರ್ಪಿನಲ್ಲಿ ಹೀಗೆ ಶಿಫಾರಸು ಸಿಕ್ಕಿತು.

ಸುಳಿ ನಿಂತಾಗ

1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನಲ್ಲಿ ಗಾಳಿ ನಿಂತುಬಿಟ್ಟಿತು. ಚಳಿಗೆ ಮನೆ ಮನೆಯಲ್ಲೂ ಕಲ್ಲಿದ್ದಲು ಉರಿಯುತ್ತಿತ್ತು. ನೆಲದ ಹತ್ತಿರ ತಂಪು ಗಾಳಿ, ಮೇಲೆ ಬೆಚ್ಚನೆ ಗಾಳಿ. ಮಂಜು ಮತ್ತು ಹೊಗೆ ಸೇರಿ ಬಿಸಿಲನ್ನೇ ತಡೆದವು. ಬಿಸಿಲಿಲ್ಲದೆ ನೆಲ ಕಾಯಲಿಲ್ಲ. ನೆಲ ಕಾಯದೆ ಸುಳಿ ಏಳಲಿಲ್ಲ. ಸುಳಿ ಏಳದೆ ಹೊಗೆ ಹೋಗಲಿಲ್ಲ. ಐದು ದಿನ ಈ ಬಿಗಿ ಸಡಿಲವಾಗಲಿಲ್ಲ. ಸುಮಾರು 4,000 ಜನ ಸತ್ತರು ಎಂದು ಆಗಿನ ಅಂದಾಜು. ಆಮೇಲಿನ ಅಧ್ಯಯನಗಳು ಸುಮಾರು 12,000 ಎನ್ನುತ್ತವೆ. ನಾಲ್ಕು ವರ್ಷಕ್ಕೆ, 1956ರಲ್ಲಿ, ಬ್ರಿಟನ್ ಶುದ್ಧ ಗಾಳಿಯ ಕಾಯ್ದೆ ತಂದಿತು.

1984ರ ಡಿಸೆಂಬರ್ 2-3ರ ನಡುರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿತು. ಚಳಿಯ ರಾತ್ರಿ, ಮೆಲುಗಾಳಿ, ಗಾಳಿಗಿಂತ ಭಾರದ ಅನಿಲ. ಅದು ಮೇಲೆ ಹೋಗಿ ತೆಳುವಾಗುವ ಬದಲು ನೆಲ ಹಿಡಿದು ಮಲಗಿದ್ದವರ ಮನೆಗಳತ್ತ ಹರಿಯಿತು. ಬಿಸಿಲಿನ ಮಧ್ಯಾಹ್ನವಾಗಿದ್ದರೆ ಸುಳಿಗಳು ಅದನ್ನು ಎಷ್ಟೋ ತೆಳುವಾಗಿಸುತ್ತಿದ್ದವು. ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಸೋರಿಕೆಯ ಹೊಣೆ ಮನುಷ್ಯರದು. ಗಾಳಿಯ ಮೇಲೆ ಅದನ್ನು ಹೊರಿಸಬಾರದು.

ಶಾಂತ ರಾತ್ರಿಯಲ್ಲಿ ಇನ್ನೂ ಒಂದು ಸಂಗತಿ ನಡೆಯುತ್ತದೆ, ನಮ್ಮ ತಲೆಯ ಮೇಲೆಯೇ, ನಮಗೆ ಗೊತ್ತಾಗದ ಹಾಗೆ. ಸಂಜೆ ಗಾಳಿ ಬಿದ್ದುಹೋಗುತ್ತದೆ, ಬೆಳಗ್ಗೆ ಒಂಬತ್ತು ಹತ್ತು ಗಂಟೆಗೆ ಮತ್ತೆ ಏಳುತ್ತದೆ. ಇದನ್ನು ಎಲ್ಲರೂ ನೋಡಿರುತ್ತೀರಿ ಅಲ್ವಾ? ಹಗಲಲ್ಲಿ ಸುಳಿಗಳು ಮೇಲಿನ ವೇಗದ ಗಾಳಿಯನ್ನು ಕೆಳಗೆ ತರುತ್ತವೆ, ಕೆಳಗಿನ ನಿಧಾನದ ಗಾಳಿಯನ್ನು ಮೇಲೆ ಒಯ್ಯುತ್ತವೆ. ಸೂರ್ಯ ಮುಳುಗಿದ ಮೇಲೆ ಆ ಕೊಂಡಿ ಕಳಚುತ್ತದೆ. ನೆಲದ ಹತ್ತಿರದ ಗಾಳಿ ಸುಸ್ತಾಗಿ ನಿಲ್ಲುತ್ತದೆ. ಮೇಲಿನ ಗಾಳಿಗೆ ನೆಲದ ತಡೆ ತಪ್ಪಿ ಅದು ಓಡತೊಡಗುತ್ತದೆ. ನಡುರಾತ್ರಿ ದಾಟಿದ ಮೇಲೆ, ನೂರಿನ್ನೂರು ಮೀಟರಿನಿಂದ 500 ಮೀಟರ್ ಎತ್ತರದೊಳಗೆ ಜೋರಾದ ಗಾಳಿಯ ಒಂದು ಪಟ್ಟಿ ಉಂಟಾಗುತ್ತದೆ. ಬ್ಲ್ಯಾಕಡಾರ್ ಎಂಬ ವಿಜ್ಞಾನಿ 1957ರಲ್ಲಿ ಇದನ್ನು ವಿವರಿಸಿದರು. ಕೆಳಗೆ ಎಲೆ ಅಲ್ಲಾಡುತ್ತಿರುವುದಿಲ್ಲ, ಮೇಲೆ ಗಾಳಿಯಂತ್ರದ ರೆಕ್ಕೆಗಳು ಭರ್ರನೆ ತಿರುಗುತ್ತಿರುತ್ತವೆ.

ಹಣ್ಣಿನ ತೋಟದವರು ಶಾಂತ ರಾತ್ರಿಯ ಈ ಜೋಡಣೆಯನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ಹೂವು ಬಿಟ್ಟ ಹೊತ್ತಿನಲ್ಲಿ ಹಿಮ ಕಟ್ಟಿದರೆ ಬೆಳೆ ಹೋಯಿತು. ಆದರೆ ಹತ್ತು ಮೀಟರ್ ಮೇಲೆ ಗಾಳಿ ಕೆಲವು ಡಿಗ್ರಿ ಬೆಚ್ಚಗೇ ಇರುತ್ತದೆ. ಅಷ್ಟು ಎತ್ತರದ ಕಂಬಕ್ಕೆ ದೊಡ್ಡ ಫ್ಯಾನು ಕಟ್ಟಿ ತಿರುಗಿಸಿದರೆ ಆ ಬೆಚ್ಚನೆ ಗಾಳಿ ಕೆಳಗೆ ಬೆರೆಯುತ್ತದೆ. ಬೆಂಕಿ ಬೇಡ, ಹೀಟರ್ ಬೇಡ. ಇಲ್ಲದ ಸುಳಿಯನ್ನು ನಾವೇ ಎಬ್ಬಿಸಿದ ಹಾಗಾಯಿತು.

ನನಗೆ ಎಲ್ಲಕ್ಕಿಂತ ಬೆರಗು ತರುವುದು ನೆಲದಿಂದ ಒಂದೆರಡು ಗೇಣು ಎತ್ತರದಲ್ಲಿ ನಡೆಯುವುದು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಎಲ್ಲಕ್ಕಿಂತ ತಂಪಾದ ಜಾಗ ಯಾವುದು? ನೆಲ ತಾನೇ? ಅದೇ ಅಲ್ವಾ ಮೊದಲು ತಣ್ಣಗಾಗುವುದು. 1932ರಲ್ಲಿ ಭಾರತದ ಎಲ್. ಎ. ರಾಮದಾಸ್ ಮತ್ತು ಆತ್ಮನಾಥನ್ ಬೇರೆಯದನ್ನೇ ವರದಿ ಮಾಡಿದರು. ಬರಿ ನೆಲದ ಮೇಲೆ, ಕೆಲವು ಹತ್ತು ಸೆಂಟಿಮೀಟರ್ ಎತ್ತರದಲ್ಲಿ, ಗಾಳಿ ನೆಲಕ್ಕಿಂತ ಒಂದೆರಡು ಡಿಗ್ರಿ, ಕೆಲವೊಮ್ಮೆ ಇನ್ನೂ ಜಾಸ್ತಿ ತಂಪಾಗಿತ್ತು. ಜಗತ್ತು ಸುಲಭವಾಗಿ ನಂಬಲಿಲ್ಲ. ಕೆಳಗೆ ಬೆಚ್ಚಗಿನ ಗಾಳಿ, ಮೇಲೆ ತಂಪು ಗಾಳಿ ಇದ್ದರೆ ಮಗುಚಿ ಬೀಳಬೇಕಲ್ಲ? ಅಳತೆಯೇ ತಪ್ಪಿರಬೇಕು ಎಂದುಕೊಂಡರು. ಆಮೇಲೆ ಬೇರೆ ದೇಶಗಳಲ್ಲೂ ಅದೇ ಕಂಡಿತು. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ರೊದ್ದಂ ನರಸಿಂಹ ಮತ್ತು ಅವರ ಸಹೋದ್ಯೋಗಿಗಳು ಇದಕ್ಕೆ ಸಿದ್ಧಾಂತ ಕಟ್ಟಿದರು. ಗಾಳಿ ತಾನೇ ವಿಕಿರಣದಿಂದ ಶಾಖ ಕಳೆದುಕೊಳ್ಳುತ್ತದೆ ಎನ್ನುವುದು ಅದರ ತಿರುಳು. ನಂತರ ಅಲ್ಲಿಯದೇ ಪ್ರಯೋಗಗಳು ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಿಗೂ ಇದರಲ್ಲಿ ದೊಡ್ಡ ಪಾತ್ರ ಇದೆ ಎಂದು ತೋರಿಸಿದವು. ಒಂದು ಸಣ್ಣ ಗಾಳಿ ಬೀಸಿದರೂ ಈ ತಂಪು ಪದರ ಅಳಿಸಿಹೋಗುತ್ತದೆ. ಸುಳಿ ಸುಮ್ನೆ ಇದ್ದಾಗ ಮಾತ್ರ ಗಾಳಿಯ ಇಂಥ ಗುಟ್ಟುಗಳು ಕಾಣುತ್ತವೆ.

ಕೊನೆಗೆ ಮುನ್ಸೂಚನೆಯ ಮಾತು. ಒಂದು ಘನ ಕಿಲೋಮೀಟರ್ ಗಾಳಿಯ ಪ್ರತಿ ಮಿಲಿಮೀಟರ್ ಸುಳಿಯನ್ನೂ ಕಂಪ್ಯೂಟರಿನಲ್ಲಿ ಹಿಡಿಯಬೇಕಾದರೆ ಹತ್ತು ಲಕ್ಷವನ್ನು ಮೂರು ಸಲ ಗುಣಿಸಿದಷ್ಟು ಬಿಂದುಗಳು ಬೇಕು. ಒಂದರ ಮುಂದೆ 18 ಸೊನ್ನೆ. ಅದೂ ಒಂದೇ ಒಂದು ಘನ ಕಿಲೋಮೀಟರಿಗೆ. ಆಗದ ಮಾತು. ಮುನ್ಸೂಚನೆಯ ಮಾದರಿಗಳು ಭೂಮಿಯನ್ನು ಚೌಕ ಚೌಕವಾಗಿ ಹಂಚಿಕೊಂಡು ಲೆಕ್ಕ ಹಾಕುತ್ತವೆ. ಇಡೀ ಜಗತ್ತಿಗೆ ಲೆಕ್ಕ ಹಾಕುವ ಒಳ್ಳೆಯ ಮಾದರಿಗಳ ಚೌಕಗಳೂ ಸುಮಾರು 9-10 ಕಿಲೋಮೀಟರ್ ಅಗಲ ಇರುತ್ತವೆ. ಅದರೊಳಗಿನ ಸುಳಿಗಳನ್ನೆಲ್ಲ ಸರಾಸರಿ ಸೂತ್ರಗಳಲ್ಲಿ ಹೇಳಿ ಮುಗಿಸುತ್ತಾರೆ. ಬಿಸಿಲಿನ ಹಗಲಿಗೆ, ಗಾಳಿ ಬೀಸುವ ರಾತ್ರಿಗೆ ಈ ಸೂತ್ರಗಳು ಚೆನ್ನಾಗಿ ಒಪ್ಪುತ್ತವೆ. ಗಾಳಿ ನಿಂತ ತಿಳಿ ರಾತ್ರಿಯಲ್ಲಿ ಸುಳಿ ಬಿಟ್ಟು ಬಿಟ್ಟು ಬರುತ್ತದೆ. ಗಂಟೆಗಟ್ಟಲೆ ಇಲ್ಲ, ಆಮೇಲೆ ಹತ್ತು ನಿಮಿಷ ಬಂದು ಹೋಗುತ್ತದೆ. ಆಗ ಸೂತ್ರ ಕೈಕೊಡುತ್ತದೆ. ಮಂಜು ಬೀಳುತ್ತದೆಯೇ, ಕನಿಷ್ಠ ತಾಪಮಾನ ಎಷ್ಟು ಎನ್ನುವ ಮುನ್ಸೂಚನೆಗಳು ಜಾಸ್ತಿ ತಪ್ಪುವುದು ಇಂಥ ರಾತ್ರಿಗಳಲ್ಲೇ. ಈಗ ಕೆಲವು ಕಡೆ ಚೌಕಗಳನ್ನು ಒಂದು ಕಿಲೋಮೀಟರಿಗಿಂತ ಚಿಕ್ಕದು ಮಾಡುತ್ತಿದ್ದಾರೆ. ಅಲ್ಲಿ ಹೊಸ ಫಜೀತಿ: ದೊಡ್ಡ ಸುಳಿ ಅರ್ಧಂಬರ್ಧ ಚೌಕದೊಳಗೆ ಕಾಣುತ್ತದೆ, ಉಳಿದರ್ಧ ಸೂತ್ರದಲ್ಲಿರುತ್ತದೆ, ಒಂದೇ ಸುಳಿಯನ್ನು ಎರಡು ಸಲ ಎಣಿಸುವ ಅಪಾಯ ಬರುತ್ತದೆ. ಈ ಕ್ಷೇತ್ರಕ್ಕೆ ಬರುವ ಯುವಕ ಯುವತಿಯರಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ತೋಚುವುದಿಲ್ಲ.

ಪ್ರಶ್ನೆಗಳು

*ಸರ್, ಮಧ್ಯಾಹ್ನ ವಿಮಾನ ಇಳಿಯುವಾಗ ಕುಲುಕಾಟ ಜಾಸ್ತಿ, ಬೆಳಗ್ಗೆ ಕಡಿಮೆ. ಇದೇ ಕಾರಣವಾ?*

ಹೌದು, ಇದೇ. ಇಳಿಯುವಾಗ ಕೊನೆಯ ಒಂದೆರಡು ಕಿಲೋಮೀಟರ್ ಗಡಿ ಪದರದೊಳಗೆ ಬರುತ್ತೀರಿ. ಮಧ್ಯಾಹ್ನ ಅದು ಥರ್ಮಲ್‌ಗಳಿಂದ ತುಂಬಿರುತ್ತದೆ. ಹತ್ತಿ ಉಂಡೆಯಂಥ ಮೋಡಗಳಿದ್ದರೆ ಅವುಗಳ ತಳ ಇರುವುದು ಹೆಚ್ಚುಕಡಿಮೆ ಆ ಪದರದ ತುದಿಯಲ್ಲಿ. ಮೋಡದ ತಳ ದಾಟಿ ಕೆಳಗಿಳಿದ ಮೇಲೆ ಕುಲುಕಾಟ ಶುರುವಾಗುವುದನ್ನು ಮುಂದಿನ ಸಲ ಗಮನಿಸಿ. ಮುಂಜಾನೆ ಥರ್ಮಲ್ ಇನ್ನೂ ಎದ್ದಿರುವುದಿಲ್ಲ.

*ಬೆಳೆಗೆ ಔಷಧಿ ಹೊಡೆಯುವುದಕ್ಕೆ ಗಾಳಿ ಇಲ್ಲದ ಸಂಜೆ, ರಾತ್ರಿ ಒಳ್ಳೆಯದಲ್ವಾ? ಹಾರಿಹೋಗುವುದಿಲ್ಲವಲ್ಲ?*

ಹಾಗೆ ಅನ್ನಿಸುವುದು ಸಹಜ. ಆದರೆ ಅದು ಅಪಾಯ. ದೊಡ್ಡ ಹನಿಗಳು ಬೀಳುತ್ತವೆ. ಮಂಜಿನಂಥ ಸಣ್ಣ ಹನಿಗಳು ಮಾತ್ರ ಆ ತಂಪು ಪದರದಲ್ಲಿ ತೇಲುತ್ತಾ ಉಳಿಯುತ್ತವೆ. ಅವನ್ನು ಚದುರಿಸಿ ತೆಳುವಾಗಿಸಲು ಸುಳಿ ಇಲ್ಲ. ಮೆಲ್ಲಗೆ ಇಳಿಜಾರು ಹಿಡಿದು ಹೋಗಿ ಪಕ್ಕದ ಹೊಲದ ಬೆಳೆಯ ಮೇಲೋ, ಮನೆಗಳ ಮೇಲೋ ಕೂರುತ್ತವೆ. ಅದಕ್ಕೇ ಅಮೆರಿಕ ಮತ್ತು ಆಸ್ಟ್ರೇಲಿಯಾದಲ್ಲಿ ಕೆಲವು ಕಳೆನಾಶಕಗಳ ಲೇಬಲ್ ಮೇಲೆಯೇ, ನೆಲದ ಹತ್ತಿರ ತಂಪು, ಮೇಲೆ ಬೆಚ್ಚಗೆ ಇರುವ ಹೊತ್ತಿನಲ್ಲಿ ಸಿಂಪಡಿಸಬಾರದು ಎಂದು ಬರೆದಿರುತ್ತದೆ. ಮನೆಯಲ್ಲೇ ಮಾಡುವ ಪರೀಕ್ಷೆ ಇದು: ಸ್ವಲ್ಪ ಹೊಗೆ ಹಾಕಿ ನೋಡಿ. ಹೊಗೆ ಏರಿ ಚದುರಿದರೆ ಸರಿ. ಸ್ವಲ್ಪ ಏರಿ, ನಿಂತು, ಪಟ್ಟಿಯಂತೆ ಅಡ್ಡಡ್ಡ ಹರಡಿದರೆ ಪಂಪ್ ಕೆಳಗಿಡಿ. ಬೆಳಗ್ಗೆ ಸೂರ್ಯ ಹುಟ್ಟಿ ಒಂದೆರಡು ಗಂಟೆಯಾದ ಮೇಲೆ, ಹಗುರವಾಗಿ ಒಂದೇ ದಿಕ್ಕಿನ ಗಾಳಿ ಬೀಸುತ್ತಿರುವಾಗ, ಗಾಳಿ ಹೋಗುವ ಕಡೆ ಪಕ್ಕದವರ ಬೆಳೆ ಇಲ್ಲ ಎಂದು ನೋಡಿಕೊಂಡು ಹೊಡೆಯಿರಿ.